ತಾತನ ಹತ್ತು ಲಕ್ಷ, ಮೊಮ್ಮಗಳ ಎರಡು ಸಮೀಕರಣ

ಗಣಿತದ ಪಠ್ಯಪುಸ್ತಕಗಳಲ್ಲಿ ಬರುವ ಗೃಹಸ್ಥರು ವಿಚಿತ್ರ ಜನ. ಒಬ್ಬಾತ ತನ್ನ ಹಣವನ್ನು ಎರಡು ಭಾಗ ಮಾಡಿ ಒಂದನ್ನು ಶೇ 8ರ ಬಡ್ಡಿಗೂ ಇನ್ನೊಂದನ್ನು ಶೇ 10ರ ಬಡ್ಡಿಗೂ ಹಾಕಿರುತ್ತಾನೆ. ವರ್ಷದ ಕೊನೆಗೆ ಕೈಗೆ ಬಂದ ಒಟ್ಟು ಬಡ್ಡಿ ಎಷ್ಟೆಂಬುದು ಅವನಿಗೆ ಚೆನ್ನಾಗಿ ನೆನಪಿರುತ್ತದೆ. ಎಲ್ಲಿ ಎಷ್ಟು ಹಾಕಿದ್ದೆ ಎಂಬುದು ಮಾತ್ರ ಮರೆತುಹೋಗಿರುತ್ತದೆ! ಅದನ್ನು ಹುಡುಕಿಕೊಡುವ ಹೊಣೆ ಎಸ್ಸೆಸ್ಸೆಲ್ಸಿ ಮಕ್ಕಳದು. ಪಾಸ್‌ಬುಕ್ ತೆರೆದು ನೋಡಿದರೆ ಮುಗಿಯುವ ಕೆಲಸಕ್ಕೆ ಬೀಜಗಣಿತ ಯಾಕೆ ಎಂದು ಮಕ್ಕಳು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ.

ತಪ್ಪಿರುವುದು ಲೆಕ್ಕದಲ್ಲಲ್ಲ, ಅದನ್ನು ಕೇಳುವ ರೀತಿಯಲ್ಲಿ. ಹಣ ಹಾಕಿಯಾದ ಮೇಲೆ ಈ ಲೆಕ್ಕ ಯಾರಿಗೂ ಬೇಡ. ಹಾಕುವ ಮೊದಲು ಮಾತ್ರ ಇದು ನಿಜವಾಗಿ ಬೇಕಾಗುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ತುಮಕೂರಿನಂಥ ಊರು. ಅರವತ್ತು ದಾಟಿದ ತಾತ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ನಿವೃತ್ತಿಯಾದಾಗ ಬಂದದ್ದರಲ್ಲಿ ಮನೆ ರಿಪೇರಿ, ಮದುವೆ ಸಾಲ ಎಲ್ಲ ಕಳೆದು ಉಳಿದದ್ದು ಹತ್ತು ಲಕ್ಷ ರೂಪಾಯಿ. ಮಗನ ಮುಂದೆ ಕೈಚಾಚದೆ ತಮ್ಮ ಮತ್ತು ಹೆಂಡತಿಯ ಖರ್ಚಿಗೆ ತಿಂಗಳಿಗೆ ಆರು ಸಾವಿರ ಬರಬೇಕು, ಅಂದರೆ ವರ್ಷಕ್ಕೆ 72,000. ಅಸಲಿಗೆ ಕೈಹಾಕಬಾರದು. ಜೊತೆಗೆ ಆಸ್ಪತ್ರೆಯ ಖರ್ಚೇನಾದರೂ ಬಂದರೆ ಬೆಳಗಾಗುವುದರೊಳಗೆ ತೆಗೆದುಕೊಳ್ಳುವಂತೆ ಒಂದಿಷ್ಟು ಹಣ ಎಟುಕಿನಲ್ಲಿರಬೇಕು.

ಅವರ ಮುಂದಿರುವುದು ಅಂಚೆ ಕಚೇರಿಯ ಎರಡು ಖಾತೆ. ಒಂದು, 2004ರಲ್ಲಿ ಆರಂಭವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಇದರ ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿತು, 2024ರ ಉದ್ದಕ್ಕೂ ಅಷ್ಟೇ ಇತ್ತು. ಖಾತೆ ತೆರೆದ ದಿನದ ದರವೇ ಐದು ವರ್ಷವೂ ಸಿಗುತ್ತದೆ. ಆದರೆ ಹಣ ಐದು ವರ್ಷ ಅಲ್ಲೇ ಕೂರಬೇಕು. ಇನ್ನೊಂದು, ಸಾಮಾನ್ಯ ಉಳಿತಾಯ ಖಾತೆ. 2024ರಲ್ಲಿ ಇದರ ಬಡ್ಡಿ ಶೇ 4. ಕಡಿಮೆಯೇ, ಆದರೆ ಬೇಕೆಂದಾಗ ತೆಗೆಯಬಹುದು. ಎರಡೂ ಸರ್ಕಾರದ್ದೇ, ಆದ್ದರಿಂದ ಮುಳುಗುವ ಭಯವಿಲ್ಲ. ಯಾವುದರಲ್ಲಿ ಎಷ್ಟು ಎಂಬುದಷ್ಟೇ ಪ್ರಶ್ನೆ.

ಹತ್ತನೆಯ ತರಗತಿಯ ಮೊಮ್ಮಗಳಿಗೆ ಇದನ್ನು ಹೇಳಿದರೆ ಅವಳು ಪೆನ್ಸಿಲು ತೆಗೆದುಕೊಂಡು ಎಕ್ಸ್, ವೈ ಎಂದು ಶುರುಮಾಡುತ್ತಾಳೆ. ಈ ಎಕ್ಸ್, ವೈ ನಮ್ಮ ಕಡೆಯವಲ್ಲ. ನಮ್ಮ ಹಳೆಯ ಗಣಿತಜ್ಞರು ತಿಳಿಯದ ಮೊತ್ತವನ್ನು 'ಯಾವತ್ತಾವತ್' ಎಂದು ಕರೆದು, ಅದರ ಮೊದಲ ಅಕ್ಷರ 'ಯಾ' ಬರೆದು ಲೆಕ್ಕ ಮಾಡುತ್ತಿದ್ದರು. ಎರಡನೆಯದು ಬಂದರೆ 'ಕಾಲಕ'ದ 'ಕಾ', ಮೂರನೆಯದಕ್ಕೆ 'ನೀಲಕ'ದ 'ನೀ', ಹೀಗೆ ಬಣ್ಣಗಳ ಹೆಸರು. ಅದೇ ಪದ್ಧತಿಯಲ್ಲಿ ಹಿರಿಯರ ಯೋಜನೆಗೆ ಹಾಕುವ ಮೊತ್ತ 'ಹ', ಉಳಿತಾಯ ಖಾತೆಯದು 'ಉ' ಎಂದಿಟ್ಟುಕೊಂಡರೆ ಯಾವುದು ಯಾವುದೆಂದು ನೆನಪಿಡುವ ಕಷ್ಟವೂ ತಪ್ಪುತ್ತದೆ.

ತಾತನ ಮಾತಿನಲ್ಲಿ ಎರಡು ವಾಕ್ಯಗಳಿವೆ. ಎರಡೂ ಸೇರಿ ಹತ್ತು ಲಕ್ಷ ಎಂಬುದು ಒಂದು. ಎರಡರ ಬಡ್ಡಿ ಸೇರಿ ಎಪ್ಪತ್ತೆರಡು ಸಾವಿರ ಎಂಬುದು ಇನ್ನೊಂದು. ಬೀಜಗಣಿತಕ್ಕೆ ಬೇಕಾದದ್ದೂ ಅಷ್ಟೇ.

ಹ + ಉ = 10,00,000

0.082 ಹ + 0.04 ಉ = 72,000

ದಶಮಾಂಶದ ಚುಕ್ಕೆ ಕಂಡರೆ ಮಕ್ಕಳು ಎಡವುತ್ತಾರೆ. ಎರಡನೆಯ ಸಮೀಕರಣವನ್ನು ಸಾವಿರದಿಂದ ಗುಣಿಸಿಬಿಟ್ಟರೆ ಚುಕ್ಕೆ ಮಾಯ.

82 ಹ + 40 ಉ = 7,20,00,000

ಮೊದಲನೆಯದನ್ನು 40ರಿಂದ ಗುಣಿಸಿದರೆ:

40 ಹ + 40 ಉ = 4,00,00,000

ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ 'ಉ' ಹೊರಟುಹೋಗಿ 42 ಹ = 3,20,00,000 ಉಳಿಯುತ್ತದೆ. 42ರಿಂದ ಭಾಗಿಸಿದರೆ ಹ = 7,61,904 ರೂಪಾಯಿ 76 ಪೈಸೆ. ಪರೀಕ್ಷೆಯಲ್ಲಿ ಇಷ್ಟಕ್ಕೆ ಪೂರ್ತಿ ಅಂಕ ಸಿಗುತ್ತದೆ.

ಇಷ್ಟು ಹೊತ್ತಿಗೆ ತಾತ ಪೆನ್ನು ಕಾಗದ ಮುಟ್ಟದೆ ಅದೇ ಉತ್ತರದ ಹತ್ತಿರ ಬಂದು ಕೂತಿರುತ್ತಾರೆ. ಅವರ ದಾರಿ ಹೀಗೆ: "ಎಲ್ಲಾ ದುಡ್ಡೂ ಉಳಿತಾಯ ಖಾತೇಲೇ ಇದ್ರೆ ವರ್ಷಕ್ಕೆ ನಲವತ್ತು ಸಾವಿರ ಬರುತ್ತೆ. ಬೇಕಾದ್ದು ಎಪ್ಪತ್ತೆರಡು. ಮೂವತ್ತೆರಡು ಸಾವಿರ ಕಮ್ಮಿ. ಅಲ್ಲಿಂದ ಇಲ್ಲಿಗೆ ಒಂದು ಸಾವಿರ ಎತ್ತಿಹಾಕಿದ್ರೆ ನಲವತ್ತರ ಬದಲು ಎಂಬತ್ತೆರಡು. ಅಂದ್ರೆ ನಲವತ್ತೆರಡು ರೂಪಾಯಿ ಜಾಸ್ತಿ. ಮೂವತ್ತೆರಡು ಸಾವಿರ ತುಂಬೋಕೆ ಅಂಥ ಎಷ್ಟು ಸಾವಿರ ಎತ್ತಿಹಾಕ್ಬೇಕು?"

32,000ವನ್ನು 42ರಿಂದ ಭಾಗಿಸಬೇಕು. ಏಳುನೂರ ಅರವತ್ತೆರಡಕ್ಕೆ ತುಸು ಕಡಿಮೆ. ಸಮೀಕರಣದಲ್ಲಿ ಎಲ್ಲಿಂದಲೋ ಉದುರಿದಂತೆ ಕಂಡ ಆ 42 ನಿಜಕ್ಕೂ ಏನೆಂಬುದು ತಾತನ ಬಾಯಿಲೆಕ್ಕದಲ್ಲಿ ಕಣ್ಣಿಗೆ ಕಾಣುತ್ತದೆ. ಅದು ಒಂದು ಸಾವಿರ ರೂಪಾಯಿಯನ್ನು ಸ್ಥಳ ಬದಲಿಸಿದ್ದಕ್ಕೆ ಸಿಗುವ ಪ್ರತಿಫಲ. ಕಳೆಯುವ ವಿಧಾನವನ್ನು ಯಾಂತ್ರಿಕವಾಗಿ ಕಲಿತ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸುವುದು ಹತ್ತು ಲೆಕ್ಕ ಬಿಡಿಸುವುದಕ್ಕಿಂತ ಮೇಲು. ದಿನಸಿ ಅಂಗಡಿಯವರಿಗೆ ಇದು ಅಕ್ಕಿ ಬೆರೆಸುವ ಲೆಕ್ಕ. ಕಿಲೋಗೆ 40 ರೂಪಾಯಿಯ ಅಕ್ಕಿಯನ್ನೂ 82 ರೂಪಾಯಿಯ ಅಕ್ಕಿಯನ್ನೂ ಬೆರೆಸಿ 72ಕ್ಕೆ ಬೀಳುವಂತೆ ಮಾಡಬೇಕಾದರೆ, 10 ಪಾಲು ಅಗ್ಗದ್ದಕ್ಕೆ 32 ಪಾಲು ದುಬಾರಿಯದು. ಅಕ್ಕಿ ಹೋಗಿ ಹಣ ಬಂದಿದೆ, ಅಷ್ಟೇ ವ್ಯತ್ಯಾಸ.

ಆದರೆ 7,61,904 ರೂಪಾಯಿ 76 ಪೈಸೆಯನ್ನು ಹಿಡಿದುಕೊಂಡು ಅಂಚೆ ಕಚೇರಿಯ ಕೌಂಟರಿಗೆ ಹೋದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಹಿರಿಯರ ಯೋಜನೆಗೆ ಸಾವಿರದ ಲೆಕ್ಕದಲ್ಲೇ ಹಾಕಬೇಕು. ಹಾಗಾದರೆ 7,61,000ವೋ 7,62,000ವೋ? ಇಲ್ಲಿ ಶಾಲೆಯ 'ಸಮೀಪದ ಸಾವಿರ'ದ ನಿಯಮ ನೋಡುವುದಕ್ಕಿಂತ ಬಡ್ಡಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 7,61,000 ಹಾಕಿದರೆ ವರ್ಷದ ಒಟ್ಟು ಬಡ್ಡಿ 71,962. ಮೂವತ್ತೆಂಟು ರೂಪಾಯಿ ಕಡಿಮೆ. 7,62,000 ಹಾಕಿದರೆ 62,484 ಮತ್ತು 9,520 ಸೇರಿ 72,004. ನಾಲ್ಕು ರೂಪಾಯಿ ಹೆಚ್ಚು. ಉಳಿತಾಯ ಖಾತೆಯಲ್ಲಿ ಉಳಿಯುವುದು 2,38,000.

ಇಷ್ಟಕ್ಕೆ ಲೆಕ್ಕ ಮುಗಿಯಿತೆಂದು ಮೊಮ್ಮಗಳು ಪುಸ್ತಕ ಮುಚ್ಚಬಹುದು. ತಾತ ಮುಚ್ಚುವುದಿಲ್ಲ. ಸಮೀಕರಣ ಹೇಳಿದ್ದು ವರ್ಷದ ಒಟ್ಟು ಮೊತ್ತವನ್ನು. ಮನೆ ನಡೆಯುವುದು ತಿಂಗಳ ಲೆಕ್ಕದಲ್ಲಿ. ಹಿರಿಯರ ಯೋಜನೆಯ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಒಂದು ಸಲಕ್ಕೆ 15,621. ಉಳಿತಾಯ ಖಾತೆಯ ಬಡ್ಡಿ ಜಮೆಯಾಗುವುದು ವರ್ಷಕ್ಕೊಮ್ಮೆ. ಅಂದರೆ ಮಾರ್ಚ್ ಕೊನೆಯವರೆಗೆ ತಿಂಗಳಿಗೆ ಸರಾಸರಿ 5,207 ಮಾತ್ರ ಕೈಗೆ ಬಂದು, ಬಾಕಿ 9,520 ಒಟ್ಟಿಗೆ ಬರುತ್ತದೆ. ಮೊದಲ ವರ್ಷ ಆ ಕೊರತೆಯನ್ನು ಉಳಿತಾಯ ಖಾತೆಯಿಂದಲೇ ತೆಗೆದು ತುಂಬಿ, ಆಮೇಲೆ ಬಡ್ಡಿ ಬಂದಾಗ ಸರಿಮಾಡಿಕೊಳ್ಳಬೇಕು. 'ಹ' ಮತ್ತು 'ಉ'ಗಳಿಗೆ ತಾರೀಖು ಗೊತ್ತಿಲ್ಲ.

ಇನ್ನು ಅವಸರಕ್ಕೆ ಹಿರಿಯರ ಯೋಜನೆಯನ್ನೇ ಮುರಿಯಬೇಕಾಗಿ ಬಂದರೆ? ಒಂದು ವರ್ಷ ಕಳೆದು ಎರಡು ವರ್ಷದೊಳಗೆ ಮುರಿದರೆ ಅಸಲಿನಲ್ಲಿ ಶೇ 1.5 ಹಿಡಿದುಕೊಳ್ಳುತ್ತಾರೆ. 7,62,000ಕ್ಕೆ ಅದು 11,430 ರೂಪಾಯಿ. ಎರಡು ವರ್ಷದ ನಂತರವಾದರೆ ಶೇ 1. ಉಳಿತಾಯ ಖಾತೆಯ ಶೇ 4 ಅಷ್ಟೇನೂ ದಂಡವಲ್ಲ ಎಂದು ಅನ್ನಿಸುವುದು ಇಂಥ ಲೆಕ್ಕ ಮಾಡಿದಾಗ.

ಈಗ ಸೊಸೆಯ ಮಾತು. ಔಷಧದ ಬೆಲೆ ಹೀಗೆ ಏರುತ್ತಿರುವಾಗ ಆರು ಸಾವಿರ ಎಲ್ಲಿ ಸಾಕು, ಏಳೂವರೆ ಆದರೂ ಬರುವಂತೆ ನೋಡಿ ಮಾವ, ಎನ್ನುತ್ತಾಳೆ. ವರ್ಷಕ್ಕೆ 90,000. ಮೊಮ್ಮಗಳು ಅದೇ ಸಮೀಕರಣದಲ್ಲಿ 72ರ ಜಾಗದಲ್ಲಿ 90 ಇಡುತ್ತಾಳೆ. ಬರುವ ಉತ್ತರ: ಹ = 11,90,476. ಉ = −1,90,476.

ಇರುವುದೇ ಹತ್ತು ಲಕ್ಷ. ಹನ್ನೊಂದು ಮುಕ್ಕಾಲು ಲಕ್ಷಕ್ಕೂ ಹೆಚ್ಚು ಹಾಕುವುದು ಹೇಗೆ? ಮಕ್ಕಳು ಇಂಥ ಉತ್ತರ ಬಂದಾಗ ಎಲ್ಲೋ ತಪ್ಪಿದೆ ಎಂದು ಹೊಡೆದುಹಾಕುತ್ತಾರೆ. ತಪ್ಪೇನೂ ಆಗಿಲ್ಲ. ಕನ್ನಡದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಯ ಹೆಸರೇ ಋಣಸಂಖ್ಯೆ. ಋಣವೆಂದರೆ ಸಾಲ, ಧನವೆಂದರೆ ಐಶ್ವರ್ಯ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ-ಋಣಗಳನ್ನು ಕೂಡುವ, ಕಳೆಯುವ ನಿಯಮ ಬರೆದಾಗ ಬಳಸಿದ್ದೂ ಇದೇ ಪದಗಳನ್ನು. ಹಾಗೆ ಓದಿದರೆ ಉತ್ತರ ಸ್ಪಷ್ಟವಾಗಿದೆ: 1,90,476 ರೂಪಾಯಿಯನ್ನು ಯಾರಾದರೂ ಶೇ 4ರ ಬಡ್ಡಿಗೆ ತಾತನಿಗೆ ಸಾಲ ಕೊಡಬೇಕು, ಅದನ್ನೂ ಸೇರಿಸಿ ಹಿರಿಯರ ಯೋಜನೆಗೆ ಹಾಕಬೇಕು, ಆಗ 90,000 ಉಳಿಯುತ್ತದೆ. ಶೇ 4ಕ್ಕೆ ಸಾಲ ಕೊಡುವ ಪುಣ್ಯಾತ್ಮ ಯಾವ ಊರಿನಲ್ಲಿದ್ದಾನೆ? ಇಡೀ ಹತ್ತು ಲಕ್ಷವನ್ನು ಹಿರಿಯರ ಯೋಜನೆಗೇ ಸುರಿದರೂ ಬರುವುದು 82,000. ತಿಂಗಳಿಗೆ 6,833. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಸಮೀಕರಣ ಋಣಸಂಖ್ಯೆಯನ್ನೇ ಮುಂದಿಡುತ್ತದೆ.

ಇಂಥ ಹೊತ್ತಿನಲ್ಲೇ ಬೆಳಗಿನ ವಾಕಿಂಗ್ ಗೆಳೆಯರೊಬ್ಬರು ಒಂದು ದಾರಿ ತೋರಿಸುತ್ತಾರೆ. ತಮಗೆ ಗೊತ್ತಿರುವವರ ಫೈನಾನ್ಸ್ ಇದೆ, ನೂರಕ್ಕೆ ಒಂದು ರೂಪಾಯಿ ಬಡ್ಡಿ ಕೊಡುತ್ತಾರೆ, ಒಂದು ದಿನವೂ ತಪ್ಪಿಸಿಲ್ಲ.

ಮೊಮ್ಮಗಳಿಗೆ ಇಲ್ಲಿ ನಗು ಬರುವುದು ಸಹಜ. ಅಂಚೆ ಕಚೇರಿ ನೂರಕ್ಕೆ ಎಂಟು ಕೊಡುವಾಗ ಇವರು ಒಂದು ಕೊಡುತ್ತಾರಂತೆ! ಆದರೆ ನಮ್ಮ ಊರುಗಳಲ್ಲಿ 'ಒಂದು ರೂಪಾಯಿ ಬಡ್ಡಿ', 'ಎರಡು ರೂಪಾಯಿ ಬಡ್ಡಿ' ಎಂದರೆ ಅದು ತಿಂಗಳ ಲೆಕ್ಕ. ಒಂದು ರೂಪಾಯಿಯೆಂದರೆ ವರ್ಷಕ್ಕೆ ಶೇ 12, ಎರಡೆಂದರೆ ಶೇ 24. ಒಂದೇ ಸಮೀಕರಣದೊಳಗೆ ತಿಂಗಳ ದರವನ್ನೂ ವರ್ಷದ ದರವನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ.

ತಿಂಗಳ ದರ ಹೇಳುವ ಈ ರೂಢಿ ಬಹಳ ಹಳೆಯದು. ಬಡ್ಡಿ ಎಂಬ ಮಾತೇ ಸಂಸ್ಕೃತದ ವೃದ್ಧಿಯ ತದ್ಭವ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಅಸಲು-ಬಡ್ಡಿ ಬೆರೆತ ಲೆಕ್ಕಗಳೇ ರಾಶಿ ಇವೆ. 1150ರಲ್ಲಿ ಭಾಸ್ಕರಾಚಾರ್ಯ ಬರೆದ ಲೀಲಾವತಿಯಲ್ಲಿ ತಾತನ ಸಮಸ್ಯೆಯ ಅಣ್ಣನೆನ್ನಬಹುದಾದ ಒಂದು ಲೆಕ್ಕವಿದೆ. 94 ನಿಷ್ಕಗಳನ್ನು ಮೂರು ಪಾಲು ಮಾಡಿ ನೂರಕ್ಕೆ ತಿಂಗಳಿಗೆ 5, 3, 4ರಂತೆ ಬಡ್ಡಿಗೆ ಕೊಟ್ಟಿದೆ. ಮೊದಲ ಪಾಲು 7 ತಿಂಗಳಿಗೆ, ಎರಡನೆಯದು 10 ತಿಂಗಳಿಗೆ, ಮೂರನೆಯದು 5 ತಿಂಗಳಿಗೆ ಸರಿಸಮನಾದ ಬಡ್ಡಿ ತಂದವು. ಪಾಲುಗಳೆಷ್ಟು?

ಮೂರು ಅಕ್ಷರ, ಮೂರು ಸಮೀಕರಣ ಎಂದು ಹೆದರಬೇಕಾಗಿಲ್ಲ. ನೂರು ನಿಷ್ಕಕ್ಕೆ ಮೊದಲ ಪಾಲು 35 ತರುತ್ತದೆ, ಎರಡನೆಯದು 30, ಮೂರನೆಯದು 20. ಹೆಚ್ಚು ತರುವುದಕ್ಕೆ ಕಡಿಮೆ ಅಸಲು ಸಾಕು. ಆದ್ದರಿಂದ ಪಾಲುಗಳು 35, 30, 20ರ ವಿಲೋಮದಲ್ಲಿರಬೇಕು, ಅಂದರೆ 12 : 14 : 21. ಇವುಗಳ ಮೊತ್ತ 47. 94 ಅದರ ಎರಡರಷ್ಟು. ಪಾಲುಗಳು 24, 28, 42. ಪ್ರತಿಯೊಂದರ ಬಡ್ಡಿ ಎಂಟೂ ಎರಡು ಐದಾಂಶ ನಿಷ್ಕ. ಸಂಖ್ಯೆಗಳನ್ನು ಎಷ್ಟು ಮುದ್ದಾಗಿ ಆರಿಸಿದ್ದಾರೆ ನೋಡಿ! ಆದರೆ ತಿಂಗಳಿಗೆ ನೂರಕ್ಕೆ ಐದೆಂದರೆ ವರ್ಷಕ್ಕೆ ಶೇ 60. ಅಂಥ ಬಡ್ಡಿಗೆ ಸಾಲ ತಂದವನ ಪಾಡೇನು ಎಂಬ ಲೆಕ್ಕ ಅಲ್ಲಿಲ್ಲ.

ಗೆಳೆಯರ ಒಂದು ರೂಪಾಯಿ ಬಡ್ಡಿಗೆ ಮರಳಿದರೆ, ಶೇ 12 ಮತ್ತು ಶೇ 8.2ರ ನಡುವೆ ಹತ್ತು ಲಕ್ಷವನ್ನು ಹಂಚಿ 90,000 ತರುವುದು ಕಷ್ಟವಲ್ಲ. ತಾತನ ವಿಧಾನದಲ್ಲೇ ಹೇಳುವುದಾದರೆ, ಎಲ್ಲವೂ ಹಿರಿಯರ ಯೋಜನೆಯಲ್ಲಿದ್ದರೆ 82,000, ಕೊರತೆ 8,000, ಒಂದು ಸಾವಿರ ಎತ್ತಿಹಾಕಿದರೆ 38 ರೂಪಾಯಿ ಹೆಚ್ಚು. 8,000ವನ್ನು 38ರಿಂದ ಭಾಗಿಸಿದರೆ ಸುಮಾರು 210 ಸಾವಿರ. ಫೈನಾನ್ಸಿಗೆ 2,10,526, ಉಳಿದ 7,89,474 ಹಿರಿಯರ ಯೋಜನೆಗೆ. ಸಮೀಕರಣ ಒಪ್ಪಿತು, ಸೊಸೆಯ ಏಳೂವರೆ ಸಾವಿರವೂ ಬಂತು.

ಲೆಕ್ಕ ಅಷ್ಟು ಸುಲಭವಾಗಿ ಒಪ್ಪಿದ್ದೇ ಅಪಾಯ. ಬೀಜಗಣಿತಕ್ಕೆ ಶೇ 8.2 ಒಂದು ಸಂಖ್ಯೆ, ಶೇ 12 ಇನ್ನೊಂದು ಸಂಖ್ಯೆ. ಒಂದರ ಹಿಂದೆ ಸರ್ಕಾರವಿದೆ, ಇನ್ನೊಂದರ ಹಿಂದೆ ವಾಕಿಂಗ್ ಗೆಳೆಯರ ಮಾತಿದೆ ಎಂಬುದು ಅದಕ್ಕೆ ತಿಳಿಯದು. 2020ರ ಫೆಬ್ರುವರಿಯಲ್ಲಿ ಬ್ಯಾಂಕ್ ಠೇವಣಿಯ ವಿಮೆಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆ ವಿಮೆ ಬ್ಯಾಂಕುಗಳಿಗೆ ಮಾತ್ರ. ಫೈನಾನ್ಸ್ ಕಂಪನಿಯ ಠೇವಣಿಗೆ ಇಲ್ಲ. ಆದ್ದರಿಂದ ಇಲ್ಲಿ ಇನ್ನೊಂದು ಲೆಕ್ಕ ಮಾಡಲೇಬೇಕು, ಪಠ್ಯಪುಸ್ತಕ ಕೇಳದ ಲೆಕ್ಕ: ಆ 2,10,526 ಹೋಗೇ ಹೋಯಿತು ಎಂದರೆ ಉಳಿಯುವುದೇನು? 7,89,474ಕ್ಕೆ ಶೇ 8.2ರಂತೆ ವರ್ಷಕ್ಕೆ 64,737. ತಿಂಗಳಿಗೆ 5,395. ಏಳೂವರೆ ಸಾವಿರದ ಆಸೆಗೆ ಹೋಗಿ ಮೊದಲಿನ ಆರು ಸಾವಿರವೂ ಇಲ್ಲ, ಎಟುಕಿನಲ್ಲಿ ಬಿಡಿಗಾಸೂ ಇಲ್ಲ. ತಿಂಗಳಿಗೆ ಒಂದೂವರೆ ಸಾವಿರ ಹೆಚ್ಚು ಸಿಗುವುದಕ್ಕೆ ಪಣಕ್ಕಿಟ್ಟಂತಾಗುವುದು ಎರಡು ಲಕ್ಷದ ಹತ್ತು ಸಾವಿರ. ತಾತ ಲೆಕ್ಕಪತ್ರ ನೋಡಿದವರು, ಈ ಅಂಕಿ ಕಾಗದದ ಮೇಲೆ ಬಂದ ಮೇಲೆ ಗೆಳೆಯರಿಗೆ ಏನು ಹೇಳಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಮನೇಲಿ ಒಪ್ತಿಲ್ಲ ಕಣಯ್ಯ' ಎಂಬ ಹಳೆಯ ನೆಪ ಇದ್ದೇ ಇದೆ.

ಸೊಸೆಗೆ ಮಾತ್ರ ನಿಜ ಹೇಳಬೇಕಾಗುತ್ತದೆ. ಹತ್ತು ಲಕ್ಷದಿಂದ ಏಳೂವರೆ ಸಾವಿರ ಬರುವುದಿಲ್ಲ. ಬೇಕಾದರೆ ಕೊರತೆಯನ್ನು ಮಗ ತುಂಬಬೇಕು. ಅದನ್ನು ಬಾಯಿಬಿಟ್ಟು ಹೇಳುವುದು ತಾತನಿಗೆ ಸುಲಭವಲ್ಲ. ಮೊಮ್ಮಗಳ ನೋಟ್‌ಬುಕ್ಕನ್ನು ಸೊಸೆಯ ಮುಂದೆ ತಳ್ಳಿ ಸುಮ್ಮನಾಗುತ್ತಾರೆ.

ಇಷ್ಟೆಲ್ಲ ಆಗುವವರೆಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಅಜ್ಜಿ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ಕಣೇ ಪುಟ್ಟಿ, ಎಟುಕಿಗಿರೋ ದುಡ್ಡು ಎಷ್ಟೂಂದೆ?"

"ಎರಡು ಲಕ್ಷದ ಮೂವತ್ತೆಂಟು ಸಾವಿರ ಅಜ್ಜಿ."

"ನನ್ನ ಮಂಡಿ ಆಪರೇಷನ್ನು ಅಂತ ಡಾಕ್ಟ್ರು ಹೇಳ್ತಾನೇ ಇದಾರೆ. ಮೂರು ಲಕ್ಷ ಇರ್ಲಿ."

ಈಗ ಬಿಡಿಸಬೇಕಾದ ಸಮೀಕರಣವೇ ಇಲ್ಲ. 'ಉ' ಎಷ್ಟೆಂದು ಅಜ್ಜಿ ಹೇಳಿಯಾಗಿದೆ, ಬರುವ ಬಡ್ಡಿಯೊಂದೇ ತಿಳಿಯಬೇಕಾದದ್ದು. ಏಳು ಲಕ್ಷಕ್ಕೆ 57,400, ಮೂರು ಲಕ್ಷಕ್ಕೆ 12,000, ಒಟ್ಟು 69,400. ಮೊಮ್ಮಗಳು ಇದನ್ನು ತಾತನ 42ರಿಂದಲೇ ಹಿಂದುಮುಂದಾಗಿ ಮಾಡಿ ತಾಳೆ ನೋಡುತ್ತಾಳೆ. 62 ಸಾವಿರವನ್ನು ಇತ್ತಕಡೆಗೆ ಎತ್ತಿಹಾಕಿದರೆ 62ನ್ನು 42ರಿಂದ ಗುಣಿಸಿದಷ್ಟು, ಅಂದರೆ 2,604 ಕಡಿಮೆ. 72,004ರಲ್ಲಿ ಅದನ್ನು ಕಳೆದರೆ 69,400. ಸರಿಯಾಗಿದೆ.

"ತಿಂಗಳಿಗೆ ಇನ್ನೂರ ಹದಿನೇಳು ರೂಪಾಯಿ ಕಮ್ಮಿ ಆಗುತ್ತೆ ಅಜ್ಜಿ."

ಅಜ್ಜಿ ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಏಳುತ್ತಾರೆ. "ರೀ, ಕೇಳಿಸ್ತಾ? ಸಾಯಂಕಾಲ ಹೋಟ್ಲಲ್ಲಿ ಕುಡಿಯೋ ಕಾಫಿ ಮನೇಲೇ ಕುಡೀರಿ, ಅಷ್ಟು ಸರಿಹೋಗುತ್ತೆ."